ಹಳೇ ಲ್ಯಾಪ್‌ಟಾಪಿಗೆ ವೈಫೈ: ಡ್ರೈವರ್, ಡಾಂಗಲ್, ಕಾರ್ಡು, ಫೋನು, ಕೇಬಲ್ಲು ಇವುಗಳಲ್ಲಿ ಯಾವುದು ನಿಮಗೆ?

ತುರುವೇಕೆರೆ ಹತ್ತಿರದ ಹಳ್ಳಿಯಿಂದ ಅಕ್ಕನ ಮಗಳು ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. “ಮಾವ, ಲ್ಯಾಪ್‌ಟಾಪ್ ಬಂತು. ಕೀಬೋರ್ಡು, ಸ್ಕ್ರೀನು ಎಲ್ಲ ಚೆನ್ನಾಗೈತೆ. ಆದ್ರೆ ವೈಫೈ ಗುರುತೇ ಇಲ್ಲ. ಅಂಗಡಿಯವ್ರನ್ನ ಕೇಳಿದ್ರೆ, ಹಳೇದಲ್ವಾ, ವೈಫೈ ಹೋಗಿರುತ್ತೆ, ಆರುನೂರು ಕೊಡಿ ಡಾಂಗಲ್ ಹಾಕ್ಕೊಡ್ತೀವಿ ಅಂತಾರೆ. ತಗೊಂಬಿಡ್ಲಾ?”

“ಬೇಡ ಕಣಮ್ಮ. ಭಾನುವಾರ ತುಮಕೂರಿಗೆ ಬರುವಾಗ ಹಿಡ್ಕೊಂಡು ಬಾ” ಅಂದೆ.

ಭಾನುವಾರ ನೋಡಿದರೆ ಆ ಡೆಲ್ ಲ್ಯಾಟಿಟ್ಯೂಡ್‌ನ ವೈಫೈ ಕೆಟ್ಟಿರಲೇ ಇಲ್ಲ. ಒಳಗಿದ್ದದ್ದು ಬ್ರಾಡ್‌ಕಾಮ್ ಕಂಪನಿಯ ಕಾರ್ಡು. ಮಾರಿದವರು ವಿಂಡೋಸ್ ಹೊಸದಾಗಿ ಹಾಕಿ, ಆ ಕಾರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕದೆ ಕೊಟ್ಟಿದ್ದರು. ನನ್ನ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಅದರಿಂದಲೇ ನೆಟ್ ಕೊಟ್ಟು, ಡ್ರೈವರ್ ಇಳಿಸಿ ಹಾಕುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅವಳಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡಿಸಿದ ಯಂತ್ರ ಅದು. ಆರುನೂರು ರೂಪಾಯಿ ಆ ಮನೆಗೆ ಸಣ್ಣ ಮೊತ್ತವಲ್ಲ.

ನಾನು ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪಾವಗಡ, ಮಧುಗಿರಿ, ಶಿರಾ, ಗುಬ್ಬಿ ಕಡೆಯ ಮಕ್ಕಳು ಹಳೇ ಲ್ಯಾಪ್‌ಟಾಪ್ ಕೊಂಡು ಮೊದಲು ಲ್ಯಾಬಿನ ಬಾಗಿಲಿಗೆ ಬರುತ್ತಾರೆ. ಪರೀಕ್ಷೆಯ ಅರ್ಜಿ ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಎಂಬ ಸರ್ಕಾರಿ ಜಾಲತಾಣದಲ್ಲಿ. ನೆಟ್ ಇಲ್ಲದೆ ಇವೆರಡೂ ಆಗುವುದಿಲ್ಲ. ಅವರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದಾರಿಗಳು ಒಟ್ಟು ಐದು. ಒಳಗಿರುವ ಕಾರ್ಡನ್ನೇ ಡ್ರೈವರ್ ಹಾಕಿ ಎಬ್ಬಿಸುವುದು, ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ವೈಫೈ ಡಾಂಗಲ್ ಕೊಳ್ಳುವುದು, ಒಳಗಿನ ಕಾರ್ಡು ಬದಲಿಸುವುದು, ಫೋನಿನಿಂದ ನೆಟ್ ಪಡೆಯುವುದು, ರೌಟರಿನಿಂದ ಲ್ಯಾನ್ ಕೇಬಲ್ ಎಳೆಯುವುದು. ಸಿಮ್ ಹಾಕುವ ಡೇಟಾ ಕಾರ್ಡನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಇವುಗಳಲ್ಲಿ ಯಾವುದು ನಿಮಗೆ ಸರಿ ಎಂಬುದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೆಟ್ಟಿರುವುದು ಏನು ಎಂಬುದರ ಮೇಲೆ ನಿಂತಿದೆ. ಅದು ಗೊತ್ತಾಗುವ ಮುಂಚೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಮೊದಲು ಕಾಯಿಲೆ ಗುರುತಿಸಿ

“ವೈಫೈ ಬರ್ತಿಲ್ಲ ಸಾರ್” ಎಂಬ ಒಂದೇ ಮಾತಿನಲ್ಲಿ ಮೂರು ಬೇರೆಬೇರೆ ಕಾಯಿಲೆಗಳಿರುತ್ತವೆ. ವೈಫೈ ಗುರುತೇ ಕಾಣದಿರುವುದು ಒಂದು. ಗುರುತಿದ್ದರೂ ನಿಮ್ಮ ಮನೆಯ ಹೆಸರು ಪಟ್ಟಿಯಲ್ಲಿ ಕಾಣದಿರುವುದು ಇನ್ನೊಂದು. ಕನೆಕ್ಟ್ ಆಗಿದೆ ಎಂದು ತೋರಿಸಿಯೂ ಯಾವ ಪುಟವೂ ತೆರೆಯದಿರುವುದು ಮೂರನೆಯದು.

ಗುರುತೇ ಇಲ್ಲದಿದ್ದರೆ ಮೊದಲು ಲ್ಯಾಪ್‌ಟಾಪಿನ ಪಕ್ಕಗಳನ್ನು ಬೆರಳಿನಿಂದ ತಡವಿ ನೋಡಿ. ಡೆಲ್ ಲ್ಯಾಟಿಟ್ಯೂಡ್ ಇ ಸರಣಿಯ ಹಲವು ಮಾದರಿಗಳಲ್ಲಿ, ಲೆನೊವೊ ಥಿಂಕ್‌ಪ್ಯಾಡ್ ಟಿ420, ಎಕ್ಸ್220 ಅಂಥವುಗಳಲ್ಲಿ, ಅಂಚಿನಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಒಂದು ಸ್ವಿಚ್ ಇರುತ್ತದೆ. ಬ್ಯಾಗಿನಲ್ಲಿ ಹಾಕಿ ತೆಗೆಯುವಾಗ ಅದು ಸರಿದುಬಿಟ್ಟಿರುತ್ತದೆ. ಎಚ್‌ಪಿಯ ಹಳೇ ಪ್ರೋಬುಕ್, ಎಲೈಟ್‌ಬುಕ್‌ಗಳಲ್ಲಿ ಕೀಬೋರ್ಡಿನ ಮೇಲಂಚಿನಲ್ಲಿ ದೀಪವಿರುವ ಗುಂಡಿ. ಆ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ವೈಫೈ ಆಫ್ ಆಗಿದೆ ಎಂದರ್ಥ. ಸ್ವಿಚ್ ಸರಿಯಿದ್ದರೆ ಯಂತ್ರ ಶುರುವಾಗುವಾಗ ಬಯಾಸ್ ಎಂಬ ಮೂಲ ಸೆಟ್ಟಿಂಗ್ ಪರದೆಗೆ ಹೋಗಿ, ವೈರ್‌ಲೆಸ್ ಎಂಬ ಸಾಲು ಆನ್ ಇದೆಯೇ ನೋಡಿ. ಈ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಬೆಂಗಳೂರಿನ ಕಂಪನಿಗಳಲ್ಲಿ ದುಡಿದು ಬಂದವು. ಕೆಲವು ಕಡೆ ಅಲ್ಲಿನವರೇ ವೈಫೈಯನ್ನು ಬಯಾಸ್‌ನಲ್ಲೇ ಮುಚ್ಚಿರುತ್ತಾರೆ.

ಎರಡೂ ಸರಿಯಿದ್ದರೆ ಒಳಗಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲು ಕಂಡರೆ ಸಂತೋಷಪಡಿ. ಕಾರ್ಡು ಜೀವಂತವಾಗಿದೆ, ಅದರ ಭಾಷೆ ಮಾತ್ರ ವಿಂಡೋಸ್‌ಗೆ ಗೊತ್ತಿಲ್ಲ. ಆ ಸಾಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿ. ‘ವಿಇಎನ್’ ಎಂಬುದರ ಮುಂದೆ ನಾಲ್ಕು ಅಕ್ಷರಗಳಿರುತ್ತವೆ: 8086 ಆದರೆ ಇಂಟೆಲ್, 14ಇ4 ಆದರೆ ಬ್ರಾಡ್‌ಕಾಮ್, 168ಸಿ ಆದರೆ ಅಥೆರೋಸ್, 10ಇಸಿ ಆದರೆ ರಿಯಲ್‌ಟೆಕ್. ಅದರ ಪಕ್ಕದಲ್ಲೇ ‘ಡಿಇವಿ’ ಎಂದು ಇನ್ನೂ ನಾಲ್ಕು ಅಕ್ಷರ, ಅದು ಚಿಪ್‌ನ ನಿಖರ ಮಾದರಿ. ಎರಡನ್ನೂ ಕಾಗದದಲ್ಲಿ ಬರೆದುಕೊಳ್ಳಿ. ರಿಯಲ್‌ಟೆಕ್ ಲ್ಯಾನ್ ಪೋರ್ಟುಗಳನ್ನೂ ಮಾಡುತ್ತದೆ, ಆದ್ದರಿಂದ ಲ್ಯಾನ್ ಸಾಲನ್ನು ವೈಫೈ ಎಂದು ತಪ್ಪಾಗಿ ಓದಬೇಡಿ.

ವೈಫೈ ಕಾರ್ಡಿನ ಯಾವ ಸುಳಿವೂ ಇಲ್ಲದಿದ್ದರೆ ಕಾರ್ಡು ಸತ್ತಿದೆ, ಇಲ್ಲವೇ ಯಾರೋ ಬಿಚ್ಚಿಕೊಂಡಿದ್ದಾರೆ. ಹಳೇ ಮಾಲು ಬಿಡಿಬಿಡಿಯಾಗಿ ಕೈ ಬದಲಾಗುವ ಕಡೆ ಇದು ನಡೆಯುತ್ತದೆ. ತಳದ ಮುಚ್ಚಳ ಬಿಚ್ಚಿದರೆ ಖಾಲಿ ಜಾಗದಲ್ಲಿ ಕಪ್ಪು, ಬಿಳಿ ಎರಡು ಸಣ್ಣ ತಂತಿ ಮಾತ್ರ ನೇತಾಡುತ್ತಿರುತ್ತವೆ.

ಎರಡನೆಯ ಕಾಯಿಲೆಗೆ ಬಂದರೆ, ಇದು ಜನರನ್ನು ಬಹಳ ಕಾಡುತ್ತದೆ. ಪಕ್ಕದ ಮನೆಯವರ ವೈಫೈ ಕಾಣುತ್ತದೆ, ಕೈಯಲ್ಲಿರುವ ಫೋನಿನ ಹಾಟ್‌ಸ್ಪಾಟ್ ಕಾಣುವುದಿಲ್ಲ! ವೈಫೈ ಮುಖ್ಯವಾಗಿ ಎರಡು ಅಲೆಗಳಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಳೇ ಅಗ್ಗದ ಕಾರ್ಡುಗಳು ಮೊದಲನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತವೆ. ಇವತ್ತಿನ ಫೋನುಗಳು ಹಾಟ್‌ಸ್ಪಾಟನ್ನು 5ರಲ್ಲಿ ಬಿಡುವಂತೆ ಹೊಂದಿಸಿರಬಹುದು. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಎಂಬಲ್ಲಿ 2.4 ಆರಿಸಿ. ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಅಲ್ಲೇ ಸೆಕ್ಯುರಿಟಿ ಎಂಬ ಜಾಗದಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ ಇದ್ದರೆ ಡಬ್ಲ್ಯುಪಿಎ2ಕ್ಕೆ ಇಳಿಸಿ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, 2011ರ ಕಾರ್ಡಿಗೆ ಅದರ ಪರಿಚಯ ಇರಲಾರದು. 2.4ರ ಅಲೆಯನ್ನು ಚಾನೆಲ್ ಎಂಬ ಭಾಗಗಳಾಗಿ ಹಂಚಿರುತ್ತಾರೆ, ಮನೆಯ ರೌಟರ್ ಚಾನೆಲ್ 12 ಅಥವಾ 13ರಲ್ಲಿ ಕೂತಿದ್ದರೂ ಇದೇ ಗತಿ. ಅಮೆರಿಕದ ಮಾರುಕಟ್ಟೆಗೆ ಹೊಂದಿಸಿದ ಕಾರ್ಡುಗಳು 11ರ ಆಚೆ ನೋಡುವುದಿಲ್ಲ. ರೌಟರನ್ನು 1, 6, 11ರಲ್ಲಿ ಒಂದಕ್ಕೆ ತಂದರೆ ಸಾಕು.

ಫೋನನ್ನು ಲ್ಯಾಪ್‌ಟಾಪಿಗೆ ಒರಗಿಸಿದರೆ ಮಾತ್ರ ಸಿಗ್ನಲ್ ಬಂದು, ಎರಡು ಹೆಜ್ಜೆ ದೂರ ಹೋದರೆ ಮಾಯವಾದರೆ, ಕಾರ್ಡಿನ ಮೇಲಿನ ಆಂಟೆನಾ ತಂತಿ ಕಳಚಿದೆ. ಸ್ಕ್ರೀನ್ ಬದಲಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಯಾಕೆಂದರೆ ಆಂಟೆನಾ ಇರುವುದೇ ಸ್ಕ್ರೀನಿನ ಚೌಕಟ್ಟಿನಲ್ಲಿ. ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರೆ ಆಯಿತು, ಖರ್ಚಿಲ್ಲ.

ಮೂರನೆಯದು ವೈಫೈ ಕಾಯಿಲೆಯೇ ಅಲ್ಲ, ಆದರೂ ಇದಕ್ಕಾಗಿ ಡಾಂಗಲ್ ಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ. ಲ್ಯಾಪ್‌ಟಾಪಿನ ಒಳಗೆ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಇದೆ. ಹತ್ತು ಹನ್ನೆರಡು ವರ್ಷದ ಯಂತ್ರದಲ್ಲಿ ಅದು ಒಣಗಿರುತ್ತದೆ. ಆಗ ಚಾರ್ಜರ್ ತೆಗೆದು ದೊಡ್ಡ ಬ್ಯಾಟರಿಯೂ ಖಾಲಿಯಾದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಸುರಕ್ಷಿತ ವೆಬ್‌ಸೈಟ್‌ಗಳ ಪ್ರಮಾಣಪತ್ರದ ತಾರೀಖನ್ನು ಬ್ರೌಸರು ನಿಮ್ಮ ಯಂತ್ರದ ತಾರೀಖಿನ ಜೊತೆ ಹೊಂದಿಸಿ ನೋಡುತ್ತದೆ. ಹೊಂದದಿದ್ದರೆ ಬ್ರೌಸರು ಕೆಂಪು ಎಚ್ಚರಿಕೆ ತೋರಿಸಿ ಬಾಗಿಲು ಹಾಕುತ್ತದೆ. ಮೂಲೆಯ ಗಡಿಯಾರ ಸರಿಪಡಿಸಿ ಪುಟ ಮತ್ತೆ ತೆರೆಯಿರಿ. ತೆರೆದುಕೊಂಡರೆ ನಿಮಗೆ ಬೇಕಾದದ್ದು ಆ ಬ್ಯಾಟರಿ ಮಾತ್ರ. ಕೆಲವು ಮಾದರಿಗಳಲ್ಲಿ ಅದಕ್ಕೆ ಎರಡು ತಂತಿಯ ಬಾಲ ಇರುತ್ತದೆ, ಹಾಗಿದ್ದರೆ ಬಾಲವಿರುವುದನ್ನೇ ಕೇಳಿ ತನ್ನಿ.

ಫೋನಿನ ಕೇಬಲ್ಲು

ಫೋನಿನಿಂದ ನೆಟ್ ಎಂದರೆ ಎಲ್ಲರಿಗೂ ಹಾಟ್‌ಸ್ಪಾಟ್ ಗೊತ್ತು. ಆದರೆ ವೈಫೈಯೇ ಇಲ್ಲದ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್‌ನಿಂದ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ಯುಎಸ್‌ಬಿ ಟೆದರಿಂಗ್. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಎಂಬ ಸೆಟ್ಟಿಂಗ್‌ನೊಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪಿಗೆ ಫೋನು ಒಂದು ಲ್ಯಾನ್ ಕಾರ್ಡಿನಂತೆ ಕಾಣಿಸುತ್ತದೆ. ವಿಂಡೋಸ್ 10ಕ್ಕೂ, ಅದರ ಬದಲು ಹಾಕುವ ಉಚಿತ ಲಿನಕ್ಸ್‌ಗೂ ಇದಕ್ಕಾಗಿ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಿಲ್ಲ.

ಟೆದರಿಂಗ್ ಸಾಲು ಮಂಕಾಗಿ, ಒತ್ತಲು ಬಾರದಂತಿದ್ದರೆ ಕೇಬಲ್ ಬದಲಿಸಿ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇದ್ದು ಡೇಟಾ ತಂತಿ ಇಲ್ಲದವೂ ಉಂಟು. ಫೋನಿನ ಡಬ್ಬದಲ್ಲಿ ಬಂದ ಕೇಬಲ್ಲೇ ಒಳ್ಳೆಯದು.

ಇನ್ನೊಂದು ವಿಷಯ ಕೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಮನೆಯಲ್ಲಿ ಫೈಬರ್ ವೈಫೈ ಇದ್ದು ಫೋನು ಅದಕ್ಕೆ ಕೂಡಿಕೊಂಡಿದ್ದರೆ, ಬಹುತೇಕ ಆಂಡ್ರಾಯ್ಡ್ ಫೋನುಗಳು ಯುಎಸ್‌ಬಿ ಟೆದರಿಂಗ್‌ನಲ್ಲಿ ಆ ವೈಫೈ ನೆಟ್ಟನ್ನೇ ಲ್ಯಾಪ್‌ಟಾಪಿಗೆ ದಾಟಿಸುತ್ತವೆ. ಅಂದರೆ ಮನೆಯಲ್ಲಿ ಬಿದ್ದಿರುವ, ಪರದೆ ಸೀಳಿದ ಹಳೇ ಫೋನೊಂದು ಸಿಮ್ ಇಲ್ಲದೆಯೂ ನಿಮ್ಮ ವೈಫೈ ಡಾಂಗಲ್ ಆಗಬಲ್ಲದು. ಹೊಸ ಫೋನಾದರೆ 5 ಗಿಗಾಹರ್ಟ್ಸ್ ಅಲೆಯನ್ನೂ ಹಿಡಿಯುತ್ತದೆ, ಮುನ್ನೂರು ರೂಪಾಯಿಯ ಡಾಂಗಲ್ಲಿಗೆ ಅದು ಆಗದ ಕೆಲಸ.

ಹಾಗಾದರೆ ಇದನ್ನೇ ಖಾಯಂ ಮಾಡಿಕೊಳ್ಳಬಹುದೇ? ದಿನಕ್ಕೆ ಅರ್ಧ ಗಂಟೆಯ ಅರ್ಜಿ, ಮೇಲ್, ನೋಟ್ಸ್‌ಗಾದರೆ ಧಾರಾಳವಾಗಿ. ದಿನವಿಡೀ ಆದರೆ ಫೋನು ಬಿಸಿಯಾಗುತ್ತದೆ, ಹಳೇ ಲ್ಯಾಪ್‌ಟಾಪಿನ ಸೊರಗಿದ ಬ್ಯಾಟರಿಯಿಂದ ಫೋನು ಚಾರ್ಜನ್ನೂ ಎಳೆಯುತ್ತದೆ, ಕರೆ ಬಂದಾಗ ಕೇಬಲ್ ಕೀಳಬೇಕು. ಸಿಮ್ ನೆಟ್ ಆದರೆ ದಿನದ ಒಂದೂವರೆ ಇಲ್ಲವೇ ಎರಡು ಜಿಬಿಯನ್ನು ವಿಂಡೋಸ್ ಅಪ್‌ಡೇಟ್ ಒಂದೇ ಬೆಳಗಿನಲ್ಲಿ ನುಂಗಿಬಿಡುತ್ತದೆ. ಕೂಡಿಕೊಂಡ ತಕ್ಷಣ ಆ ನೆಟ್‌ವರ್ಕ್‌ಗೆ ‘ಮೀಟರ್ಡ್ ಕನೆಕ್ಷನ್’, ಅಂದರೆ ಮಿತಿಯಿರುವ ನೆಟ್, ಎಂದು ಗುರುತು ಹಾಕುವುದನ್ನು ಮರೆಯಬೇಡಿ. ಬ್ಲೂಟೂತ್ ಟೆದರಿಂಗ್ ಎಂಬುದೂ ಇದೆ, ಅದು ಆಮೆಯ ವೇಗ, ಬಿಟ್ಟುಬಿಡಿ.

ಬೇರೆ ಯಾವ ದಾರಿ ಹಿಡಿದರೂ ಮೊದಲ ಡ್ರೈವರ್ ಇಳಿಸಿಕೊಳ್ಳಲು ಈ ಕೇಬಲ್ಲೇ ಬೇಕು.

ಒಳಗಿನ ಕಾರ್ಡನ್ನು ಎಬ್ಬಿಸುವುದು

ಹಳದಿ ಗುರುತು ಕಂಡವರಿಗೆ ಇದೇ ಮೊದಲ ಆಯ್ಕೆ. ಲ್ಯಾಪ್‌ಟಾಪಿನ ಕಂಪನಿಯ ಜಾಲತಾಣದಲ್ಲಿ ಮಾದರಿಯ ಹೆಸರು ಕೊಟ್ಟು, ವೈಫೈ ಡ್ರೈವರ್ ಇಳಿಸಿ. ಡೆಲ್ ಆದರೆ ತಳದಲ್ಲಿ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತದೆ, ಅದನ್ನೇ ಕೊಟ್ಟರೆ ಸರಿಯಾದ ಪಟ್ಟಿ ಬರುತ್ತದೆ. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಉಚಿತ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ. ಲ್ಯಾಬಿಗೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈಗಾಗಿ ಅದನ್ನು ಹಾಕಿ, ಜೊತೆಗೆ ನಾಲ್ಕು ಜಾಹೀರಾತಿನ ಕಸವನ್ನೂ ಹಾಕಿಕೊಂಡಿದ್ದರು.

ಲಿನಕ್ಸ್ ಹಾಕುವವರಿಗೆ ಕಾರ್ಡಿನ ಕಂಪನಿ ಬಹಳ ಮುಖ್ಯ. ಇಂಟೆಲ್ ಮತ್ತು ಅಥೆರೋಸ್‌ನ ಹಳೇ ಕಾರ್ಡುಗಳು ಲಿನಕ್ಸ್ ಮಿಂಟ್ ಹಾಕಿದ ಕೂಡಲೇ ಎದ್ದು ಕೂರುತ್ತವೆ. ಬ್ರಾಡ್‌ಕಾಮ್ ಹಾಗಲ್ಲ, ಅದರ ಡ್ರೈವರ್ ಕಂಪನಿಯದೇ ಆದ ಮುಚ್ಚಿದ ಸರಕು, ಬೇರೆಯಾಗಿ ಹಾಕಬೇಕು. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು, ನೆಟ್ ಇಲ್ಲದಿದ್ದರೆ ಮಿಂಟ್ ಹಾಕಲು ಬಳಸಿದ ಪೆನ್‌ಡ್ರೈವನ್ನೇ ಮತ್ತೆ ಸಿಕ್ಕಿಸಿ. ಆ ಡ್ರೈವರ್ ಪೆನ್‌ಡ್ರೈವಿನೊಳಗೇ ಇರುತ್ತದೆ. ಬೇರೆ ಲಿನಕ್ಸ್‌ಗಳಿಗಿಂತ ಮಿಂಟನ್ನು ನಾನು ಹುಡುಗರಿಗೆ ಹೇಳುವುದಕ್ಕೆ ಇದೂ ಒಂದು ಕಾರಣ.

ವಿಂಡೋಸ್ 7 ಇಟ್ಟುಕೊಂಡೇ ವೈಫೈ ಸರಿಮಾಡಿಕೊಡಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಆಸರೆ 2020ರ ಜನವರಿಯಲ್ಲೇ ನಿಂತಿತು, ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ ಅದರಲ್ಲಿ ಬರುವುದಿಲ್ಲ. ವೈಫೈ ಕೂಡಿಕೊಂಡರೂ ಪುಟಗಳು ಮುರಿದು ಕಾಣುತ್ತವೆ. ವಿಂಡೋಸ್ 10ಕ್ಕೂ ಉಚಿತ ಆಸರೆಯ ಗಡುವು 2025ರ ಅಕ್ಟೋಬರ್ 14 ಆಗಿತ್ತು. 4 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ, ಟ್ಯಾಲಿಯಂಥ ವಿಂಡೋಸ್ ಸಾಫ್ಟ್‌ವೇರ್ ಕಡ್ಡಾಯವಲ್ಲದಿದ್ದರೆ, ಮಿಂಟ್ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಡಾಂಗಲ್ಲೋ ಹೊಸ ಕಾರ್ಡೋ

ಒಳಗಿನ ಕಾರ್ಡು ನಿಜವಾಗಿ ಸತ್ತಿದೆ ಎಂದಾದ ಮೇಲೆ ಈ ಪ್ರಶ್ನೆ. ಇಲ್ಲಿ ಅಂಗಡಿಯವರ ಉತ್ತರ ಯಾವಾಗಲೂ ಡಾಂಗಲ್, ಯಾಕೆಂದರೆ ಅದನ್ನು ಮಾರುವುದಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ. ನನ್ನ ಉತ್ತರ ಲ್ಯಾಪ್‌ಟಾಪಿನ ಹೆಸರು ಕೇಳಿದ ಮೇಲೆ.

ಥಿಂಕ್‌ಪ್ಯಾಡ್ ಟಿ420, ಟಿ430, ಎಕ್ಸ್220, ಎಕ್ಸ್230, ಮತ್ತು ಅದೇ ಕಾಲದ ಎಚ್‌ಪಿ ಪ್ರೋಬುಕ್, ಎಲೈಟ್‌ಬುಕ್‌ಗಳ ಬಯಾಸ್‌ನಲ್ಲಿ ಒಂದು ಪಟ್ಟಿ ಇದೆ. ಕಂಪನಿ ಒಪ್ಪಿದ ಕಾರ್ಡುಗಳ ಹೆಸರು ಅದರಲ್ಲಿರುತ್ತವೆ. ಆ ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ ಯಂತ್ರ ಶುರುವೇ ಆಗುವುದಿಲ್ಲ. ಥಿಂಕ್‌ಪ್ಯಾಡ್ ಆದರೆ ಕಪ್ಪು ಪರದೆಯ ಮೇಲೆ 1802 ಎಂಬ ಸಂಖ್ಯೆ, ಜೊತೆಗೆ ಕಾರ್ಡು ತೆಗೆಯಿರಿ ಎಂಬ ಸೂಚನೆ. ಕಾರ್ಡು ಚೆನ್ನಾಗಿದ್ದರೂ ದುಡ್ಡು ನೀರಿಗೆ ಹೋಯಿತು. ಇಂಥ ಯಂತ್ರಕ್ಕೆ ಕಾರ್ಡೇ ಬೇಕೆಂದರೆ ಅದೇ ಮಾದರಿಯ ಬೇರೆ ಲ್ಯಾಪ್‌ಟಾಪಿನಿಂದ ಬಿಚ್ಚಿದ, ಅದೇ ಕಂಪನಿಯ ಬಿಡಿಭಾಗದ ಸಂಖ್ಯೆ ಇರುವ ಕಾರ್ಡನ್ನೇ ಹುಡುಕಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಆದರೆ ತಿರುಗಾಟ ಇದ್ದೇ ಇದೆ. ಇವಕ್ಕೆ ಡಾಂಗಲ್ಲೇ ಸರಿ.

ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ಈ ತಡೆ ಇಲ್ಲ. ಇ6420, ಇ6430 ಥರದ ಯಂತ್ರಗಳಿಗೆ ಇಂಟೆಲ್ 6205 ಅಥವಾ 7260 ಎಂಬ ಅರ್ಧ ಅಳತೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಕೂರುತ್ತದೆ. 6205 ಆದರೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ, 7260 ಆದರೆ ‘ಡ್ಯುಯಲ್ ಬ್ಯಾಂಡ್’ ಎಂದಿರುವುದು ಮಾತ್ರ. 7260ಯಲ್ಲಿ ಬ್ಲೂಟೂತ್ ಇರುವುದೂ ಸಿಗುತ್ತದೆ. ಹಳೇದನ್ನು ನಾನು ಮುನ್ನೂರರಿಂದ ಐನೂರು ರೂಪಾಯಿಯೊಳಗೆ ತಂದಿದ್ದೇನೆ. ತಂತಿ ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಬ್ಯಾಟರಿ ಕಳಚಿಡಿ. ಆಂಟೆನಾದ ಗುಂಡಿಯನ್ನು ಎಳೆಯಬೇಡಿ, ಉಗುರಿನಿಂದ ನೇರ ಮೇಲಕ್ಕೆ ಎತ್ತಿ. ಸುಮಾರು 2014ರ ನಂತರದ ಯಂತ್ರಗಳಲ್ಲಿ ಜಾಗವೇ ಬೇರೆ, ಎಂ.2 ಎಂಬ ಸಣ್ಣ ಅಳತೆ. 7260 ಎರಡೂ ಅಳತೆಯಲ್ಲಿ ಬರುವುದರಿಂದ ಹೆಸರು ಮಾತ್ರ ಹೇಳಿ ತಂದರೆ ಮೋಸ ಹೋಗುತ್ತೀರಿ, ಹಳೇ ಕಾರ್ಡನ್ನೇ ಕೈಯಲ್ಲಿ ಹಿಡಿದು ಹೋಗಿ.

ಕಾರ್ಡಿನ ದೊಡ್ಡ ಗುಣ ಆಂಟೆನಾ. ಸ್ಕ್ರೀನಿನ ಚೌಕಟ್ಟಿನಲ್ಲಿ ಕೂತ ಆಂಟೆನಾಕ್ಕೂ ಬೆರಳುಗುರಿನಷ್ಟಿರುವ ನ್ಯಾನೋ ಡಾಂಗಲ್ಲಿಗೂ ಹೋಲಿಕೆಯೇ ಇಲ್ಲ. ಮಧುಗಿರಿ, ಪಾವಗಡ ಕಡೆಯ ಕಲ್ಲು ಚಪ್ಪಡಿ ಮನೆಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಡುಮನೆಯಲ್ಲಿ ರೌಟರ್ ಇಟ್ಟು ಒಳಕೋಣೆಯಲ್ಲಿ ಕೂತರೆ, ನಡುವಿನ ಕಲ್ಲುಗೋಡೆ 5 ಗಿಗಾಹರ್ಟ್ಸ್ ಅಲೆಯನ್ನು ಬಹಳ ಮಟ್ಟಿಗೆ ತಿಂದುಹಾಕುತ್ತದೆ, 2.4 ಹೇಗೋ ನುಸುಳಿ ಬರುತ್ತದೆ. ಕಾರ್ಡು ಅದನ್ನು ಹಿಡಿಯುತ್ತದೆ, ನ್ಯಾನೋ ಡಾಂಗಲ್ ತಡವರಿಸುತ್ತದೆ.

ಆದರೆ ಡಾಂಗಲ್ಲಿಗೆ ಕಾರ್ಡಿಗಿಲ್ಲದ ಒಂದು ಅನುಕೂಲ ಇದೆ. ಒಂದೆರಡು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ಡಾಂಗಲ್ಲನ್ನು ಅದರ ತುದಿಗೆ ಹಾಕಿ ಕಿಟಕಿಗೋ ಬಾಗಿಲ ಚೌಕಟ್ಟಿಗೋ ನೇತುಹಾಕಬಹುದು. ಪಾವಗಡದ ಒಬ್ಬ ವಿದ್ಯಾರ್ಥಿಗೆ ಹೀಗೇ ಮಾಡಿಕೊಟ್ಟೆ. ಅವನ ಚಿಕ್ಕಪ್ಪನ ಮನೆಯ ರೌಟರ್ ಅಂಗಳದಾಚೆ ಇತ್ತು, ಗೋಡೆಯ ಹಿಂದೆ ಸಿಗದ ಸಿಗ್ನಲ್ ಕಿಟಕಿಯ ಸರಳಿಗೆ ಕಟ್ಟಿದ ಡಾಂಗಲ್ಲಿಗೆ ಸಿಕ್ಕಿತು. ಎಕ್ಸ್‌ಟೆನ್ಷನ್ ಬಳಸಲಿ, ಬಿಡಲಿ, ಡಾಂಗಲ್ಲನ್ನು ಕಪ್ಪು ಯುಎಸ್‌ಬಿ ಪೋರ್ಟಿಗೆ ಹಾಕಿ. ನೀಲಿಯದು ಯುಎಸ್‌ಬಿ 3, ಅದು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗ ವೈಫೈ ಕುಂಟುವುದಕ್ಕೆ ಇದೇ ಕಾರಣ.

ಕೊಳ್ಳುವಾಗ ಡಬ್ಬದ ಮೇಲಿನ ಹೆಸರಿಗಿಂತ ಒಳಗಿನ ಚಿಪ್ ಮುಖ್ಯ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಡಾಂಗಲ್ ನೋಡಿ. ಮೊದಲನೆಯ ಆವೃತ್ತಿಯಲ್ಲಿ ಅಥೆರೋಸ್ ಚಿಪ್, ಲಿನಕ್ಸ್‌ನಲ್ಲಿ ಹಾಕಿದ ತಕ್ಷಣ ಓಡುತ್ತಿತ್ತು. ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್, ನಡವಳಿಕೆಯೇ ಬೇರೆ. ಮಾದರಿಯ ಹೆಸರು ಮಾತ್ರ ಅದೇ. ವಿಂಡೋಸ್ ಬಳಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಲಿನಕ್ಸ್‌ನವರು ಮೀಡಿಯಾಟೆಕ್‌ನ ಎಂಟಿ7601ಯು ಚಿಪ್ ಇರುವುದನ್ನು ಕೇಳಿ. ಅದರ ಡ್ರೈವರ್ 2015ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೇ ಇದೆ. 5 ಗಿಗಾಹರ್ಟ್ಸ್ ಬೇಕಾದರೆ ಎಂಟಿ7610ಯು ಅಥವಾ ಎಂಟಿ7612ಯು.

‘ಡ್ರೈವರ್ ಫ್ರೀ’ ಎಂದು ಬರೆದ ಡಾಂಗಲ್ ಸಿಕ್ಕಿಸಿದಾಗ ವೈಫೈ ಬರದೆ ಸಿಡಿಯ ಚಿತ್ರ ಬಂದರೆ ಗಾಬರಿಯಾಗಬೇಡಿ. ಅದು ಮೊದಲು ಸಿಡಿಯಂತೆ ನಟಿಸಿ ತನ್ನೊಳಗಿನ ಡ್ರೈವರ್ ತೋರಿಸುತ್ತದೆ. ವಿಂಡೋಸ್‌ನಲ್ಲಿ ಆ ಡ್ರೈವರ್ ಹಾಕಿ. ಲಿನಕ್ಸ್‌ನಲ್ಲಿ ಆ ಸಿಡಿಯ ಮೇಲೆ ಬಲ ಗುಂಡಿ ಒತ್ತಿ ಇಜೆಕ್ಟ್ ಕೊಟ್ಟರೆ ಅನೇಕ ಸಲ ಅದು ವೈಫೈಯಾಗಿ ತಿರುಗುತ್ತದೆ.

ಡಬ್ಬದ ಮೇಲೆ 150 ಎಂಬಿಪಿಎಸ್ ಎಂದಿದ್ದರೆ ಕೈಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಅರ್ಜಿ, ಪಾಠದ ವಿಡಿಯೋಗೆ ಅಷ್ಟೇ ಸಾಕು. ಮುನ್ನೂರು, ನಾನೂರರ ನ್ಯಾನೋಗೆ ಆರುನೂರು ಕೊಡಬೇಡಿ. ಬಾಲದಂಥ ಆಂಟೆನಾ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಆದರೆ ಬ್ಯಾಗಿಗೆ ಹಾಕುವಾಗ ಕಿತ್ತಿಡಬೇಕು. ಪೋರ್ಟಿನಲ್ಲೇ ಬಿಟ್ಟು, ಬಸ್ಸಿನ ನೂಕುನುಗ್ಗಲಲ್ಲಿ ಡಾಂಗಲ್ ಮುರಿದು, ಜೊತೆಗೆ ಪೋರ್ಟೂ ಹಾಳಾದ ಲ್ಯಾಪ್‌ಟಾಪ್‌ಗಳು ಲ್ಯಾಬಿಗೆ ಬಂದಿವೆ.

ಲ್ಯಾನ್ ಕೇಬಲ್, ಡೇಟಾ ಕಾರ್ಡ್

ಹಳೇ ಆಫೀಸು ಲ್ಯಾಪ್‌ಟಾಪ್‌ಗಳಿಗೆ ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿಲ್ಲದ ಒಂದು ಭಾಗ್ಯ ಇದೆ, ಲ್ಯಾನ್ ಪೋರ್ಟು. ಮನೆಗೆ ಫೈಬರ್ ಬಂದಿದ್ದು, ಓದುವ ಜಾಗ ಒಂದೇ ಕಡೆ ಇದ್ದರೆ ಹದಿನೈದು ಮೀಟರಿನ ಕ್ಯಾಟ್5ಇ ಕೇಬಲ್ ಗೋಡೆಯಂಚಿಗೆ ಹೊಡೆಸಿ, ವೈಫೈ ಚಿಂತೆ ಬಿಡಿ. ವೇಗ, ಸ್ಥಿರತೆ ಎರಡರಲ್ಲೂ ಮೇಲಿನ ಯಾವುದೂ ಇದರ ಸಮಕ್ಕೆ ಬರುವುದಿಲ್ಲ. ನೂರು ಮೀಟರ್‌ವರೆಗೆ ಎಳೆಯಬಹುದು. ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆಯಬೇಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಗುಡುಗು ಮಿಂಚು ಜಾಸ್ತಿ, ತಾಮ್ರದ ತಂತಿಯಲ್ಲಿ ಬಂದ ಹೊಡೆತ ಲ್ಯಾನ್ ಪೋರ್ಟನ್ನೂ ರೌಟರನ್ನೂ ಒಟ್ಟಿಗೆ ಸುಡುತ್ತದೆ. ಮನೆಯೊಳಗಿನ ಕೇಬಲ್ಲನ್ನೂ ಮಳೆ ಶುರುವಾಗುವಾಗ ಕಿತ್ತಿಡಿ.

ಸಿಮ್ ಹಾಕುವ ಹಳೇ 3ಜಿ ಡೇಟಾ ಕಾರ್ಡನ್ನು ಲ್ಯಾಪ್‌ಟಾಪ್ ಜೊತೆ ಉಚಿತವಾಗಿ ಕೊಡುತ್ತೇವೆ ಎಂದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏರ್‌ಟೆಲ್ ತನ್ನ 3ಜಿಯನ್ನು 2020ರಲ್ಲೇ ಮುಚ್ಚಿತು. ಜಿಯೋ 2016ರಲ್ಲಿ ಶುರುವಾದದ್ದೇ 4ಜಿಯಿಂದ, ಅದರ ಸಿಮ್ ಇಂಥ ಕಾರ್ಡಿನಲ್ಲಿ ಎಂದೂ ಓಡದು. 4ಜಿ ಹಾಟ್‌ಸ್ಪಾಟ್ ಡಬ್ಬಿಗಳು ಓಡುತ್ತವೆ, ಆದರೆ ಅದಕ್ಕೆ ಬೇರೆ ಸಿಮ್, ಬೇರೆ ರೀಚಾರ್ಜ್. ಆ ಕೆಲಸವನ್ನು ಕೈಯಲ್ಲಿರುವ ಫೋನೇ ಮಾಡುತ್ತದೆ.

ನೀವು ಯಾರು ಎಂಬುದರ ಮೇಲೆ

ಪೇಯಿಂಗ್ ಗೆಸ್ಟ್‌ನಲ್ಲೋ ಹಾಸ್ಟೆಲಿನಲ್ಲೋ ಇದ್ದು, ಕೋಣೆ ಬದಲಾಗುತ್ತ ಇರುವವರಾದರೆ ಒಳಗಿನ ಕಾರ್ಡೇ ಸರಿಯಿರಬೇಕು. ಡೆಲ್ ಆದರೆ ಕಾರ್ಡು ಬದಲಿಸಿ, ಥಿಂಕ್‌ಪ್ಯಾಡ್ ಅಥವಾ ಎಚ್‌ಪಿ ಆದರೆ ನ್ಯಾನೋ ಡಾಂಗಲ್. ಒಂದೇ ಕಟ್ಟಡದಲ್ಲಿ ಹತ್ತಾರು ರೌಟರ್‌ಗಳಿರುವ ಕಡೆ 2.4 ಗಿಗಾಹರ್ಟ್ಸ್‌ನಲ್ಲಿ ಸಂತೆಯ ಗದ್ದಲ, ಅಂಥಲ್ಲಿ 5 ಹಿಡಿಯುವ ಕಾರ್ಡಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ಸಾರ್ಥಕ. ಹಳ್ಳಿಯಲ್ಲಿ ಫೈಬರ್ ಇದ್ದು ಒಂದೇ ಮೇಜಿನಲ್ಲಿ ಓದುವವರಿಗೆ ಲ್ಯಾನ್ ಕೇಬಲ್. ಫೋನಿನ ನೆಟ್ ಮಾತ್ರ ಇರುವ ಹಳ್ಳಿಗೆ ಯುಎಸ್‌ಬಿ ಟೆದರಿಂಗ್, ಅದಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ಫೋನಿಗೆ ಸಿಗ್ನಲ್ ಸಿಗುವುದೇ ಮಾಳಿಗೆ ಮೇಲೆ ಎನ್ನುವವರು ಫೋನನ್ನು ಅಲ್ಲೇ ನೆರಳಿನಲ್ಲಿಟ್ಟು ಹಾಟ್‌ಸ್ಪಾಟ್ ಬಿಡಬೇಕು. ಅವರಿಗೆ ಲ್ಯಾಪ್‌ಟಾಪಿನಲ್ಲಿ ವೈಫೈ ಬೇಕೇ ಬೇಕು, ಎಕ್ಸ್‌ಟೆನ್ಷನ್ ಕೇಬಲ್ ಜೊತೆಗಿನ ಡಾಂಗಲ್ ಅವರಿಗೆ ಹೇಳಿ ಮಾಡಿಸಿದ್ದು.

ಇನ್ನೂ ಲ್ಯಾಪ್‌ಟಾಪ್ ಕೊಂಡಿಲ್ಲವೇ? ಹಾಗಾದರೆ ಅಂಗಡಿಯಲ್ಲೇ, ದುಡ್ಡು ಎಣಿಸುವ ಮುಂಚೆ, ನಿಮ್ಮ ಫೋನಿನ ಹಾಟ್‌ಸ್ಪಾಟನ್ನು 2.4ರಲ್ಲಿ ಬಿಟ್ಟು ಲ್ಯಾಪ್‌ಟಾಪಿಗೆ ಕೂಡಿಸಿ. ಫೋನನ್ನು ಜೊತೆಗೆ ಬಂದವರ ಕೈಗೆ ಕೊಟ್ಟು ಹತ್ತು ಹೆಜ್ಜೆ ದೂರ ಕಳಿಸಿ. ಹತ್ತು ನಿಮಿಷ ಒಂದು ವಿಡಿಯೋ ಓಡಲಿ. ಆಮೇಲೆ ಚಾರ್ಜರೂ ಬ್ಯಾಟರಿಯೂ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ, ಬಯಾಸ್‌ಗೆ ಹೋಗಿ ತಾರೀಖು ನೋಡಿ. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ವೈಫೈ ಒಮ್ಮೆ ಎದ್ದ ಮೇಲೆ ಆ ಡ್ರೈವರ್ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿಡಿ. ಬರೆದುಕೊಂಡ ಆ ಎಂಟು ಅಕ್ಷರಗಳ ಚೀಟಿಯನ್ನು ಬ್ಯಾಟರಿ ಕೂರುವ ಗುಂಡಿಯಲ್ಲಿ ಅಂಟಿಸಿ. ನಾಳೆ ಯಾರೋ ಮತ್ತೆ ವಿಂಡೋಸ್ ಹಾಕಿದಾಗ ಅದು ಬೇಕಾಗುತ್ತದೆ. ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ಆ ಚೀಟಿಯನ್ನು ಅವಳ ಕೈಯಲ್ಲೇ ಬರೆಸಿ, ಅವಳ ಕೈಯಲ್ಲೇ ಅಂಟಿಸಿದೆ. ಹೋದ ತಿಂಗಳು ಅವಳ ಗೆಳತಿಯ ಎಚ್‌ಪಿಗೆ ವೈಫೈ ಬರಲಿಲ್ಲವೆಂದು ಅವಳೇ ಫೋನಿನ ಕೇಬಲ್ ಹಿಡಿದುಕೊಂಡು ಹೋದಳಂತೆ.